ಆ ಒಂದು ಲೀಟರ್ ಕಣ್ಣೀರು ಎಲ್ಲಿ ಸುರಿಯಿತು?

ಎಡವಿ ಬೀಳುವಾಗ ನಾವು ಮೊದಲು ಕೈ ಊರುತ್ತೇವೆ. ಯಾರೂ ಹೇಳಿಕೊಟ್ಟಿದ್ದಲ್ಲ, ಮೈಗೇ ಗೊತ್ತು. ಅಂಗೈ ತರಚುತ್ತದೆ, ಮುಖ ಉಳಿಯುತ್ತದೆ. ಹದಿನೈದರ ಹುಡುಗಿಯೊಬ್ಬಳು ರಸ್ತೆಯಲ್ಲಿ ಮುಗ್ಗರಿಸಿ ಗದ್ದ ಒಡೆದುಕೊಂಡು ಆಸ್ಪತ್ರೆಗೆ ಬರುತ್ತಾಳೆ. ಬೀಳುವಾಗ ಇವಳ ಕೈ ಯಾಕೆ ಮುಂದೆ ಬರಲಿಲ್ಲ? ವೈದ್ಯರ ಅನುಮಾನ ಹುಟ್ಟುವುದೇ ಅಲ್ಲಿಂದ. ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು ಮನೆಗೆ ಹೋಗಬೇಕಿದ್ದವಳ ಮೆದುಳಿನ ಸ್ಕ್ಯಾನಿಂಗ್ ಆಗುತ್ತದೆ.

ಧಾರಾವಾಹಿಯ ಹೆಸರು 'ಒಂದು ಲೀಟರ್ ಕಣ್ಣೀರು'. 2005ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಜಪಾನಿನ ಫುಜಿ ಟಿವಿಯಲ್ಲಿ 11 ಕಂತುಗಳಾಗಿ ಬಂದಿತ್ತು. ಇಷ್ಟು ಹಳೆಯದನ್ನು ನಾನು ಈಗ ನೋಡಿದ್ದು ಮಗಳ ದೆಸೆಯಿಂದ. ಪಿಯುಸಿ ಪರೀಕ್ಷೆ ಮುಗಿಸಿ ಮನೆಯಲ್ಲಿ ಕೂತವಳು, "ಅಮ್ಮಾ, ಬೇರೆ ಯಾರು ನೋಡ್ದಿದ್ರೂ ನೀನು ನೋಡ್ಬೇಕು, ನೀನು ಟೀಚರ್ ಅಲ್ವಾ" ಅಂದಳು. ಕಾಯಿಲೆಯ ಕತೆಗೂ ಟೀಚರ್ ಕೆಲಸಕ್ಕೂ ಏನು ಸಂಬಂಧ ಅಂತ ಆಗ ಅರ್ಥವಾಗಿರಲಿಲ್ಲ. ನಾಲ್ಕು ರಾತ್ರಿಗಳಲ್ಲಿ ನೋಡಿ ಮುಗಿಸಿದೆ. ಅದಾಗಿ ಮೂರು ವಾರ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಕತೆ ನಿಜವಾಗಿ ನಡೆದದ್ದು. ಜಪಾನಿನ ಐಚಿ ಪ್ರಾಂತ್ಯದ ತೊಯೊಹಾಶಿಯಲ್ಲಿ ಕಿತೋ ಆಯಾ ಎಂಬ ಹುಡುಗಿ ಇದ್ದಳು. 1962ರಲ್ಲಿ ಹುಟ್ಟಿದವಳು. ಹದಿನೈದನೇ ವಯಸ್ಸಿನಲ್ಲಿ ಸ್ಪೈನೋಸೆರೆಬೆಲ್ಲರ್ ಡಿಜೆನರೇಶನ್ ಎಂಬ ಕಾಯಿಲೆ ಇದೆ ಎಂದು ತಿಳಿಯಿತು. ಕಿರುಮೆದುಳು, ಮೆದುಳಿನ ಬುಡ ಮತ್ತು ಬೆನ್ನುಹುರಿಯ ನರಕೋಶಗಳು ನಿಧಾನವಾಗಿ ಕ್ಷೀಣಿಸುತ್ತಾ ಹೋಗುವ ಕಾಯಿಲೆ ಅದು. ಮೊದಲು ನಡಿಗೆ ತೂರಾಡುತ್ತದೆ, ಕೈ ಗುರಿ ತಪ್ಪುತ್ತದೆ. ಆಮೇಲೆ ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ, ಕೊನೆಗೆ ಗುಟುಕು ನೀರು ನುಂಗುವುದೂ ಕಷ್ಟ. ಇಷ್ಟೆಲ್ಲ ಆಗುವಾಗಲೂ ಅವಳ ಬುದ್ಧಿ ಮಾತ್ರ ನಿಚ್ಚಳವಾಗಿತ್ತು. ತನ್ನ ಕೈಕಾಲು ಒಂದೊಂದಾಗಿ ತನ್ನ ಮಾತು ಕೇಳುವುದನ್ನು ನಿಲ್ಲಿಸುತ್ತಿರುವುದು ಅವಳಿಗೆ ಪೂರ್ತಿ ಗೊತ್ತಾಗುತ್ತಿತ್ತು. ಇದನ್ನು ಗುಣಪಡಿಸುವ ಔಷಧ ಆಗ ಇರಲಿಲ್ಲ, ಈಗಲೂ ಇಲ್ಲ. ಇದೇ ಗುಂಪಿಗೆ ಸೇರಿದ, ಕೈಕಾಲಿನ ಹತೋಟಿ ತಪ್ಪಿಸುವ ಅಟಾಕ್ಸಿಯಾ ಕಾಯಿಲೆಗಳು ನಮ್ಮಲ್ಲೂ ಇವೆ. ಅಂಥ ಕುಟುಂಬಗಳು ನಮ್ಮ ನಿಮ್ಹಾನ್ಸ್‌ಗೂ ಬರುತ್ತವೆ.

ಆಯಾ ದಿನಚರಿ ಬರೆದಳು, ಕೈಯಲ್ಲಿ ಪೆನ್ನು ನಿಲ್ಲುವ ತನಕ. ಅದು 1986ರಲ್ಲಿ, ಅವಳು ಬದುಕಿರುವಾಗಲೇ ಪುಸ್ತಕವಾಯಿತು. 1988ರ ಮೇ 23ರಂದು ಅವಳು ತೀರಿಕೊಂಡಾಗ ವಯಸ್ಸು 25. ಪ್ರತಿ ಕಂತಿನ ಕೊನೆಗೆ ಈ ನಿಜವಾದ ಆಯಾಳ ಫೋಟೋಗಳು, ಅವಳ ದಿನಚರಿಯ ಸಾಲುಗಳು ಬರುತ್ತವೆ. ಆಯಾಳ ಪಾತ್ರ ಮಾಡಿದ ಎರಿಕಾ ಸವಾಜಿರಿಯ ಅಭಿನಯ ನೋಡಿ ಮನಸ್ಸು ಕರಗಿ ಕೂತಿದ್ದಾಗ ಒಮ್ಮೆಗೇ ಮಾಸಿದ ಬಣ್ಣದ ಆ ಫೋಟೋದಲ್ಲಿ ಅವಳು ನಗುತ್ತಾಳೆ. ಪ್ರತಿ ಸಲವೂ ನಾನು ರಿಮೋಟ್ ಕೆಳಗಿಟ್ಟೆ.

ಈ ಧಾರಾವಾಹಿಯ ಬಗ್ಗೆ ಎಲ್ಲರೂ ಹೇಳುವುದು ಒಂದೇ: ತುಂಬಾ ಅಳು ಬರುತ್ತೆ, ಬದುಕಿನ ಬೆಲೆ ಗೊತ್ತಾಗುತ್ತೆ. ನನಗೆ ಬೇರೇನೋ ಹೇಳಬೇಕಿದೆ. ಆ ಹೆಸರನ್ನು ಸ್ವಲ್ಪ ಗಮನಿಸಿ. ಒಂದು ಲೀಟರ್ ಕಣ್ಣೀರು ಅಂದಾಗ ಸಾವಿನ ಭಯಕ್ಕೆ ಸುರಿಸಿದ್ದು ಅಂತಲೇ ನಾನೂ ತಿಳಿದಿದ್ದೆ. ಅದು ಶಾಲೆ ಬಿಡುವ ನಿರ್ಧಾರಕ್ಕೆ ಬರಲು ಅವಳು ಸುರಿಸಿದ ಕಣ್ಣೀರು. ಓದಿ ಸೇರಿದ ಹೈಸ್ಕೂಲು, ಗೆಳತಿಯರು, ತನ್ನ ಬೆಂಚು ಎಲ್ಲ ಬಿಟ್ಟು ಅಂಗವಿಕಲರ ಶಾಲೆಗೆ ಹೋಗಲು ಒಪ್ಪಿಕೊಳ್ಳುವಾಗ ಕಡಿಮೆಯೆಂದರೂ ಒಂದು ಲೀಟರ್ ಕಣ್ಣೀರು ಬೇಕಾಯಿತು ಎಂದಿದ್ದಾಳೆ. ಕಾಯಿಲೆಯನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಈ ಒಂದು ಲೀಟರ್ ಮಾತ್ರ ಮನುಷ್ಯರ ಕೈಯಲ್ಲಿತ್ತು.

ಎಂಟನೇ ಕಂತನ್ನು ನಾನು ಮೂರು ಸಲ ನೋಡಿದೆ. ಆಯಾ ಆಗ ಗಾಲಿಕುರ್ಚಿಯಲ್ಲಿದ್ದಾಳೆ. ಗೆಳತಿಯರು ಒಂದು ಕೋಣೆಯಿಂದ ಇನ್ನೊಂದಕ್ಕೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಹೊತ್ತಾಗುತ್ತದೆ, ಪಾಠ ತಡವಾಗುತ್ತದೆ. ಪೋಷಕರಿಂದ ದೂರು ಬರುತ್ತದೆ. ತರಗತಿಯಲ್ಲಿ ಅವಳಿಲ್ಲದಾಗ ಚರ್ಚೆ ನಡೆಯುತ್ತದೆ. ಅಲ್ಲಿ ಕೆಟ್ಟವರು ಒಬ್ಬರೂ ಇಲ್ಲ. "ಪಾಪ, ಅವಳಿಗೂ ಕಷ್ಟ", "ನಮಗೂ ಪರೀಕ್ಷೆ ಇದೆ", "ಅವಳಿಗೆ ಅನುಕೂಲ ಇರೋ ಕಡೆ ಹೋದ್ರೆ ಅವಳಿಗೇ ಒಳ್ಳೇದಲ್ವಾ" ಎನ್ನುವ ಧಾಟಿಯ ಮಾತುಗಳು. ಆಯಾ ಬಾಗಿಲ ಹೊರಗಿದ್ದಾಳೆ. ಎಲ್ಲ ಕೇಳಿಸುತ್ತಿದೆ.

ಆಗ ಅಸೋ ಹರುತೊ ಎಂಬ ಹುಡುಗ ಮಾತಾಡುತ್ತಾನೆ. ಕಷ್ಟ ಆಗುತ್ತಿದ್ದರೆ ಅವಳ ಮುಂದೆಯೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾನೆ. ಎದುರಿಗೆ ಒಳ್ಳೆಯವರ ಹಾಗಿದ್ದು ಹಿಂದಿನಿಂದ ಹೀಗೆ ಕಳಿಸಿಬಿಡುವುದೇ ಎನ್ನುತ್ತಾನೆ. ತಾನೂ ಏನೂ ಮಾಡಲಿಲ್ಲ ಎಂಬುದನ್ನೂ ಬಚ್ಚಿಡುವುದಿಲ್ಲ.

ಈ ಹರುತೊ ನಿಜವಾದ ದಿನಚರಿಯಲ್ಲಿ ಇಲ್ಲ. ಧಾರಾವಾಹಿಗಾಗಿ ಸೃಷ್ಟಿಸಿದ ಪಾತ್ರ ಅವನು. ಪ್ರೀತಿಯ ಎಳೆಯೊಂದು ಇರಲಿ ಎಂದು ಸೇರಿಸಿದ್ದಾರೆ ಎಂದು ಬಹಳ ಜನ ತಕರಾರು ತೆಗೆಯಬಹುದು. ಬದಲಾವಣೆಗಳು ಇನ್ನೂ ಇವೆ: ತೊಯೊಹಾಶಿಯ ಬದಲು ಟೋಕಿಯೊ, ಎಪ್ಪತ್ತರ ದಶಕದ ಬದಲು ಮೊಬೈಲ್ ಫೋನಿನ ಕಾಲ, ಅವಳಿಗೆ ಚಿಕಿತ್ಸೆ ಕೊಟ್ಟ ಮಹಿಳಾ ವೈದ್ಯರ ಜಾಗದಲ್ಲಿ ಗಂಡಸು. ಅದೆಲ್ಲ ನನಗೆ ದೊಡ್ಡದು ಅನ್ನಿಸಲಿಲ್ಲ. ಹರುತೊ ಇಲ್ಲದ ದಿನಚರಿಯನ್ನು ನೆನೆದಾಗ ಮಾತ್ರ ಎದೆ ಹಿಡಿದಂತಾಯಿತು. ಇಡೀ ತರಗತಿಯಲ್ಲಿ ಎದ್ದು ನಿಂತು ಬಾಯಿಬಿಟ್ಟವನು ಒಬ್ಬನೇ ಹುಡುಗ, ಅವನನ್ನೂ ಕತೆ ಬರೆಯುವವರೇ ಹುಟ್ಟಿಸಬೇಕಾಯಿತು.

ಮನೆಯೊಳಗಿನ ದೃಶ್ಯ ಒಂದನ್ನೂ ಹೇಳಬೇಕು. ಆಯಾಳ ಅಪ್ಪನದ್ದು ತೋಫು ಅಂಗಡಿ. ಬೆಳಗಿನ ಜಾವ ಎದ್ದು ಸೋಯಾ ಹಾಲು ಕಾಯಿಸಿ ಒಡೆಸುವ ಮನೆ. ಅವಳ ತಮ್ಮನ ಗೆಳೆಯರು ಅಕ್ಕನ ನಡಿಗೆಯನ್ನು ಅಣಕಿಸುತ್ತಾರೆ, ತಮ್ಮ ನಾಚಿಕೆಯಿಂದ ಅವಳನ್ನು ಮರೆಮಾಡಲು ನೋಡುತ್ತಾನೆ. ಆಗ ಅವನ ಮೇಲೆ ಹರಿಹಾಯುವವಳು ಆಕೋ, ಅದುವರೆಗೆ ಅಕ್ಕನ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದ ತಂಗಿ. ನಾಚಿಕೆಪಡಬೇಕಾದದ್ದು ಅಕ್ಕನ ಬಗ್ಗೆ ಅಲ್ಲ, ನಿನ್ನ ಬಗ್ಗೆ ಎಂದು ಗದರುತ್ತಾಳೆ. ನನ್ನ ಮಗಳು ಅಲ್ಲಿ ನಿಲ್ಲಿಸಿ, "ನಮ್ಮ ಸ್ಕೂಲಲ್ಲಿ ಆಕೋ ಥರ ಯಾರೂ ಇರ್ಲಿಲ್ಲಮ್ಮ" ಅಂದಳು. ನಮ್ಮ ಸ್ಕೂಲು ಅಂದರೆ ಅವಳು ಓದಿದ, ನಾನು ಪಾಠ ಮಾಡುವ ಅದೇ ಹೈಸ್ಕೂಲು. ನೋಡು ಎಂದು ಅವಳು ಹಟ ಹಿಡಿದದ್ದು ಯಾಕೆ ಎಂದು ಆಗ ಗೊತ್ತಾಯಿತು.

ಐದು ವರ್ಷದ ಹಿಂದಿನ ಮಾತು. ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಮಸ್ಕ್ಯುಲರ್ ಡಿಸ್ಟ್ರೊಫಿ, ಸ್ನಾಯುಗಳು ಕ್ಷೀಣಿಸುತ್ತಾ ಹೋಗುವ ಕಾಯಿಲೆ. ಗಣಿತದಲ್ಲಿ ಚುರುಕು. ಒಂಬತ್ತನೇ ತರಗತಿ ಮೇಲಿನ ಮಹಡಿಯಲ್ಲಿತ್ತು, 24 ಮೆಟ್ಟಿಲು. ಆಮೇಲೆ ಎಣಿಸಿ ನೋಡಿದೆ. ದಿನಾ ಬೆಳಿಗ್ಗೆ ಅವನ ಅಪ್ಪ ಕೂಲಿಗೆ ಹೋಗುವ ಮೊದಲು ಮಗನನ್ನು ಬೆನ್ನ ಮೇಲೆ ಹೊತ್ತು ಹತ್ತಿಸಿ, ಸಂಜೆ ಬಂದು ಇಳಿಸುತ್ತಿದ್ದರು. ಮಧ್ಯೆ ಶೌಚಕ್ಕೆ ಹೋಗಬೇಕಾದರೆ ಹುಡುಗರು ಹೊತ್ತು ಇಳಿಸಬೇಕು. ಹೀಗಾಗಿ ಅವನು ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಅದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಒಂದು ಶನಿವಾರ ಸ್ಟಾಫ್ ರೂಮಿನಲ್ಲಿ ಸೇರಿದೆವು. ಹುಡುಗರು ಎತ್ತುವಾಗ ಬಿದ್ದರೆ ಯಾರು ಹೊಣೆ, ಬೇರೆ ಮಕ್ಕಳ ಪಾಠ ಹಾಳಾಗುತ್ತಿದೆ, ಮನೆಯಲ್ಲೇ ಕೂತು ಪರೀಕ್ಷೆಗೆ ಬಂದರೆ ಅವನಿಗೇ ಆರಾಮ. ಎಂಟನೇ ಕಂತಿನ ಮಾತುಗಳೇ, ಕನ್ನಡದಲ್ಲಿ. ಕೆಳಗಿನ ಕಂಪ್ಯೂಟರ್ ರೂಮನ್ನು ಮೇಲಕ್ಕೆ ಸಾಗಿಸಿ ಆ ತರಗತಿಯನ್ನು ಕೆಳಗೆ ತರಬಹುದಿತ್ತು. ಹತ್ತು ಕಂಪ್ಯೂಟರು, ಅರ್ಧ ದಿನದ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಬಗ್ಗೆ ನಮಗೆ ತರಬೇತಿಯಾಗಿತ್ತು. ಕಾಯ್ದೆ ಹೆಸರಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿಯೂ ಇದೆ. ಶಾಲೆ ಅಂಥ ಮಗುವಿಗೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂದು ಅದರಲ್ಲಿ ಬರೆದಿದೆ. ಅದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿತ್ತು. ಬಾಯಿಗೆ ಬರಲಿಲ್ಲ. ಹಿರಿಯರು ತೀರ್ಮಾನಿಸಿದ್ದಾರೆ, ನಾನೇನು ಹೇಳುವುದು ಅಂತ ಸುಮ್ಮನಾದೆ.

ಸೋಮವಾರ ಅವನ ಅಪ್ಪನನ್ನು ಕರೆಸಿ ಮೆತ್ತಗೆ ಹೇಳಿದರು. ಅವರು ಕೈಮುಗಿದು "ನೀವು ಹೇಳಿದ ಹಾಗೇ ಆಗ್ಲಿ" ಅಂದರು. ಹುಡುಗ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮರುದಿನದಿಂದ ಬರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಕೂರಲಿಲ್ಲ.

ಬೇರೆಯ ಶಾಲೆ ಅಂದರೆ ನರಕ ಅಂತ ಈ ಧಾರಾವಾಹಿ ಎಲ್ಲೂ ಹೇಳುವುದಿಲ್ಲ. ಹೊಸ ಶಾಲೆಯಲ್ಲಿ ಆಯಾಳಿಗೆ ಅದೇ ಕಾಯಿಲೆಯ ಗೆಳತಿ ಸಿಗುತ್ತಾಳೆ, ತನ್ನ ಕೆಲಸ ತಾನೇ ಮಾಡಿಕೊಳ್ಳಲು ಕಲಿಯುತ್ತಾಳೆ. ಜಪಾನು 1972ರಲ್ಲೇ 'ನಾನ್‌ಬ್ಯೋ' ಎಂದು ಹೆಸರಿಟ್ಟು ಗುಣವಾಗದ ಅಪರೂಪದ ಕಾಯಿಲೆಗಳಿಗೆ ಸರ್ಕಾರಿ ನೀತಿಯನ್ನೇ ರೂಪಿಸಿತ್ತು. ಆಯಾಳ ತಾಯಿ ಸ್ವತಃ ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದ ನರ್ಸ್. ಇಷ್ಟೆಲ್ಲ ಆಸರೆ ಇದ್ದ ಹುಡುಗಿಗೂ ತನ್ನ ಬೆಂಚು ಬಿಟ್ಟುಕೊಡುವುದಕ್ಕೆ ಅಷ್ಟು ಅಳಬೇಕಾಯಿತು. ನಮ್ಮ ಹುಡುಗನಿಗೆ ಹೋಗಲು ಇನ್ನೊಂದು ಶಾಲೆಯೂ ಇರಲಿಲ್ಲ. ಅವನು ಎಷ್ಟು ಅತ್ತ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಆಯಾ ಹೊರಡುವ ದಿನ ತರಗತಿಯ ಮುಂದೆ ನಗುತ್ತಾ ವಿದಾಯ ಹೇಳುತ್ತಾಳೆ. ಸಹಪಾಠಿಗಳು ಹಿಂದೆಯೇ ಓಡಿಬಂದು, ತಾವೆಲ್ಲ ಒಟ್ಟಿಗೆ ಕಲಿತಿದ್ದ ಹಾಡನ್ನು ಹಾಡುತ್ತಾರೆ. ಮಗಳು ಗಳಗಳ ಅತ್ತಳು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ಪ್ರೀತಿ ಇದ್ದವರು ಹಿಂದಿನ ದಿನ ಯಾಕೆ ಬಾಯಿಬಿಡಲಿಲ್ಲ? ನನ್ನ ಸಿಟ್ಟು ಆ ಮಕ್ಕಳ ಮೇಲಲ್ಲ ಎಂದು ಮಗಳಿಗೂ ಗೊತ್ತಿತ್ತು, ನನಗೂ.

ಹೋದ ಭಾನುವಾರ ಆ ಹುಡುಗನ ಮನೆಗೆ ಹೋಗಿದ್ದೆ. ಈಗ 19 ವರ್ಷ. ಗೋಡೆಗೆ ದಿಂಬು ಒರಗಿಸಿ ಕೂರಿಸಿದ್ದರು. ಬೆರಳುಗಳು ಇನ್ನೂ ಆಡುತ್ತವೆ, ಪಕ್ಕದ ಮನೆ ಮಕ್ಕಳಿಗೆ ಮೊಬೈಲಿನಲ್ಲಿ ಬರೆದು ತೋರಿಸಿ ಗಣಿತ ಹೇಳಿಕೊಡುತ್ತಾನೆ. ಅವನ ಅಮ್ಮ ಕಾಫಿ ತಂದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದ ಮಾತೆಲ್ಲ ಮರೆತುಹೋಗಿ, ಆ ಶನಿವಾರದ ಸಭೆಯಲ್ಲಿ ನಾನೂ ಇದ್ದೆ, ಏನೂ ಹೇಳಲಿಲ್ಲ, ತಪ್ಪಾಯಿತು ಅಂತ ಅಷ್ಟೇ ಹೇಳಿದೆ.

"ಗೊತ್ತು ಮೇಡಂ" ಅಂದ. "ಸೋಮವಾರ ಆಫೀಸ್ ಬಾಗ್ಲು ತೆಗ್ದೇ ಇತ್ತು, ಎಲ್ಲಾ ಕೇಳಿಸ್ತು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಕೇಳಿದ.

"ಕಂಪ್ಯೂಟರ್ ರೂಮು ಈಗ್ಲೂ ಕೆಳಗೇ ಇದ್ಯಾ ಮೇಡಂ?"

ಇದೆ ಅಂದೆ.