ಆರು ತಿಂಗಳಿಗೆ ಆರು ಕಿಲೋ

ತೂಕ ಇಳಿಸೋ ಬಗ್ಗೆ ನಿಮ್ಮ ಲೇಖನದಲ್ಲಿ ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿದರೆ ಸಾಕು ಅಂತ ಬರೆದಿದ್ದೀರಿ. ಎರಡು ವರ್ಷದ ಹಿಂದೆ ನನ್ನ ತಂಗಿಗೆ ಯಾರಾದರೂ ಈ ಮಾತು ಹೇಳಬೇಕಿತ್ತು. ಇಲ್ಲೇ ದಾವಣಗೆರೆಯಲ್ಲಿ ಒಂದು ಕಡೆ ತಿಂಗಳಿಗೆ ಹತ್ತು ಕಿಲೋ ಅಂತ ನಂಬಿಸಿ, ಬರೀ ಪುಡಿ, ಜ್ಯೂಸ್ ಮೇಲೆ ಇಟ್ಟರು. ಮೊದಲ ವಾರ ಮೂರು ಕಿಲೋ ಇಳೀತು, ಮನೆಮಂದಿಯೆಲ್ಲ ಹಿಗ್ಗಿದ್ವಿ. ಅದರಲ್ಲಿ ಬಹುಪಾಲು ನೀರು! ಒಂದು ಗ್ರಾಂ ಗ್ಲೈಕೋಜನ್, ಅಂದ್ರೆ ದೇಹ ಶಕ್ತಿಗಂತ ಕೂಡಿಟ್ಟ ಸಕ್ಕರೆ, ಸುಮಾರು ಮೂರು ಗ್ರಾಂ ನೀರು ಹಿಡಿದಿಟ್ಟಿರುತ್ತೆ, ಅದು ಖರ್ಚಾದರೆ ನೀರೂ ಹೋಗುತ್ತೆ. ಮೂರನೇ ವಾರ ತೂಕದ ಮುಳ್ಳು ಅಲ್ಲಾಡಲಿಲ್ಲ. ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು. ಅಳ್ತಾ ಬಿಟ್ಟಳು, ಇಳಿದದ್ದೆಲ್ಲ ವಾಪಸ್ ಬಂತು.

ಈಗ ಬೆಳಗ್ಗೆ ಇಬ್ಬರೂ ಕುಂದವಾಡ ಕೆರೆ ಹತ್ತಿರ ನಡೀತೀವಿ. ರಾತ್ರಿ ಅನ್ನ ಅರ್ಧ, ಸೊಪ್ಪಿನ ಪಲ್ಯ ಜಾಸ್ತಿ. ಬೆಣ್ಣೆದೋಸೆ ತಿಂಗಳಿಗೊಂದು ಸಲ, ನಮ್ಮೂರಲ್ಲಿದ್ದು ಅದನ್ನ ಪೂರ್ತಿ ಬಿಡಿ ಅಂತ ಯಾರಿಗೂ ಹೇಳಲಾರೆ. 82 ಕಿಲೋ ಇದ್ದ ತಂಗಿ ಆರು ತಿಂಗಳಿಗೆ 76. ಶುಗರ್, ಬಿಪಿ ಇರೋರಿಗೆ ಮೈತೂಕದ ಶೇ 5 ಇಳಿದರೂ ಗುಣ ಕಾಣುತ್ತೆ. ದಯವಿಟ್ಟು ದಿನಾ ತೂಕ ನೋಡ್ಕೊಂಡು ಸಂಕಟಪಡಬೇಡಿ. ವಾರಕ್ಕೊಂದು ಸಲ, ಬೆಳಗ್ಗೆ ಖಾಲಿ ಹೊಟ್ಟೇಲಿ ನೋಡಿ. ತಂಗಿಗೆ ಹೋದ ವರ್ಷದ ರವಿಕೆ ಮೊನ್ನೆ ಹಿಡಿಸಿತು.