ಬೇರಿಂಗ್ ಹೆಚ್ಚಿದ್ದರೆ ರೀಲ್ ಒಳ್ಳೆಯದೇ? ಒಂದು ಸ್ಪಷ್ಟನೆ

ಮೀನು ಹಿಡಿಯುವ ಗಾಳದ ಕೋಲಿನಲ್ಲಿ ದಾರ ಸುತ್ತುವ ಸಾಧನವೇ ರೀಲ್. 'ಸ್ಪಿನ್ನಿಂಗ್ ರೀಲ್‌ನಲ್ಲಿ 12 ಬಾಲ್ ಬೇರಿಂಗ್ ಇಲ್ಲದಿದ್ದರೆ ಮುಟ್ಟಲೇಬೇಡಿ' ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ. ಅಗ್ಗದ ರೀಲ್‌ಗಳಲ್ಲಿ ಸಂಖ್ಯೆ ಹಿಗ್ಗಿಸಲೆಂದೇ ಕಳಪೆ ಬೇರಿಂಗ್ ತುಂಬುವುದುಂಟು. ಗುಣಮಟ್ಟದವು ನಾಲ್ಕೈದು ಇದ್ದರೆ ಧಾರಾಳವಾಯಿತು.

ಸಿಹಿನೀರಿನ ಮೀನಿಗೆ 2ರಿಂದ 6 ಪೌಂಡ್ ಎಳೆತ ತಾಳುವ ತೆಳು ದಾರ ಹಾಕುವವರು ನೋಡಬೇಕಾದ್ದು ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರವನ್ನು ಹಿಡಿತದಲ್ಲಿಟ್ಟು ಬಿಡುವ ಬ್ರೇಕ್. ಕೊಳ್ಳುವ ಮೊದಲು ಅದನ್ನು ಸಡಿಲಿಸಿ, ದಾರವನ್ನು ಕೈಯಲ್ಲಿ ಮೆಲ್ಲಗೆ ಎಳೆಯಿರಿ. ಮೊದಲು ಕಚ್ಚಿಕೊಂಡು ಆಮೇಲೆ ಜರ್ರನೆ ಬಿಟ್ಟಿತೋ, ಆ ರೀಲ್ ಬೇಡ. ಮೀನು ಜಗ್ಗಿದಾಗ ದಾರ ತುಂಡಾಗುವುದು ಆ ಕ್ಷಣದಲ್ಲೇ. ದಾರ ಹಾಯುವಾಗ ಲೈನ್ ರೋಲರ್ (ದಾರ ಸುತ್ತಿಕೊಳ್ಳುವಾಗ ಹಾದುಹೋಗುವ ಪುಟ್ಟ ಉರುಳೆ) ತಿರುಗುತ್ತದೆಯೇ ಎಂದೂ ಗಮನಿಸಿ (ಹೆಚ್ಚಿನವರು ಇದನ್ನು ಮರೆತೇಬಿಡುತ್ತಾರೆ).

10 ಕೆ.ಜಿ. ಡ್ರ್ಯಾಗ್ ಎಂಬ ಹೆಗ್ಗಳಿಕೆ? 4 ಪೌಂಡ್ ದಾರಕ್ಕೆ ಸುಮಾರು ಅರ್ಧ ಕೆ.ಜಿ. ಬಿಗಿ ಸಾಕು. ರೀಲ್‌ನ ಗಾತ್ರ ಸೂಚಿಸುವ ಸಂಖ್ಯೆ 1000 ಅಥವಾ 2000 ಇರಲಿ.