ಹಣಕಾಸಿನ ಪಾಠ ಕಲಿತರೆ ಸಾಲವೇ ಇರುವುದಿಲ್ಲವೇ? ಸತ್ಯಾಂಶ

‘ಶಾಲೆಯಲ್ಲಿ ಹಣಕಾಸು ಕಲಿಸಿದ್ದರೆ ಯಾರೂ ಸಾಲಗಾರರಾಗುತ್ತಿರಲಿಲ್ಲ’ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಪೂರ್ತಿ ಸುಳ್ಳಲ್ಲ, ಆದರೆ ವಿಪರೀತ ಹಿಗ್ಗಿಸಿದ ಮಾತು.

201 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ 2014ರ ವಿಶ್ಲೇಷಣೆಯೊಂದರ ಪ್ರಕಾರ, ಜನರ ಹಣಕಾಸಿನ ನಡವಳಿಕೆಯಲ್ಲಿರುವ ವ್ಯತ್ಯಾಸಗಳಲ್ಲಿ ಹಣಕಾಸಿನ ಶಿಕ್ಷಣದಿಂದ ಬಂದದ್ದೆನ್ನಬಹುದಾದದ್ದು ಶೇ 0.1ರಷ್ಟು ಮಾತ್ರ. ದೀರ್ಘ ತರಬೇತಿಯ ಪರಿಣಾಮವೂ ಸುಮಾರು 20 ತಿಂಗಳಲ್ಲಿ ನಗಣ್ಯವಾಗುತ್ತದೆ. ಸಾಲ ಪಡೆಯುವ ಹೊತ್ತಿಗೆ ಪಾಠ ಎಲ್ಲಿ ನೆನಪಿರಬೇಕು!

76 ಪ್ರಯೋಗಗಳನ್ನು ಪರಿಗಣಿಸಿದ 2022ರ ವಿಶ್ಲೇಷಣೆ ಇಷ್ಟು ನಿರಾಶಾದಾಯಕವಲ್ಲ: ತಿಳಿವಳಿಕೆಯೂ ನಡವಳಿಕೆಯೂ ಸುಧಾರಿಸಿದ್ದವು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಪಾಠ ಕಡ್ಡಾಯವಾದ ಮೇಲೆ ಯುವಜನರ ಸಾಲ ಮರುಪಾವತಿಯೂ ಉತ್ತಮಗೊಂಡಿತು.

ಹಾಗಾಗಿ ಕಲಿಸಬೇಕು, ಖಂಡಿತ. ಆದರೆ ಚಕ್ರಬಡ್ಡಿಯ ಲೆಕ್ಕ ಬಂದ ಮಾತ್ರಕ್ಕೆ ಸಂಬಳ ಹೆಚ್ಚುವುದಿಲ್ಲ, ಆಸ್ಪತ್ರೆಯ ಬಿಲ್ಲು ಇಳಿಯುವುದೂ ಇಲ್ಲ.